ರೇಡಿಯೋಕ್ಕೆ ಇಟ್ಟ ಆಯೇರಿ

ಹುನಗುಂದಕ್ಕೂ ಇಳಕಲ್ಲಿಗೂ ನಡುವೆ ತೊಂಡಿನಾಳ ಎಂಬ ಊರು. ಡ್ರೈವರನಿಗೆ ಮನಸ್ಸು ಬಂದರೆ ಬಸ್ಸು ಅಲ್ಲಿ ನಿಲ್ಲುತ್ತಿತ್ತು, ಬಾರದಿದ್ದರೆ ಧೂಳು ಉಗ್ಗಿ ಮುಂದೆ ಹೋಗುತ್ತಿತ್ತು. ಇಂಥ ಊರಿಗೆ ಸಾವಿರದ ಒಂಬೈನೂರಾ ಐವತ್ನಾಲ್ಕನೇ ಇಸವಿಯಲ್ಲಿ ಮುಂಬಯಿ ಸರ್ಕಾರ ಒಂದು ರೇಡಿಯೋ ಕೊಟ್ಟಿತು. ಊರವರು ಅರ್ಜಿ ಹಾಕಿ ಕೇಳಿದ್ದು ಹಳ್ಳಕ್ಕೊಂದು ಸೇತುವೆ. "ಸೇತುವಿ ಆಮ್ಯಾಲ ನೋಡೋಣ, ಮೊದಲ ಇದನ್ನ ಕೇಳ್ರಿ" ಎಂದು ಜೀಪಿನಲ್ಲಿ ಬಂದ ಸಾಹೇಬರು ಚಾವಡಿಯ ಗೋಡೆಗೆ ಕಟ್ಟಿಗೆಯ ಪೆಟ್ಟಿಗೆ ಬಡಿಸಿ, ಅದರೊಳಗೆ ರೇಡಿಯೋ ಕೂರಿಸಿ, ಧಾರವಾಡ ಬಿಟ್ಟು ಬೇರೆ ಊರಿನ ಉಸಾಬರಿಗೆ ಹೋಗದಂತೆ ಅದರ ಕಿವಿ ಹಿಂಡಿ, ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಪಂಚರಲ್ಲಿ ಒಬ್ಬನಾದ ಕಾಶಪ್ಪನಿಗೆ ಕೊಟ್ಟು ಹೋದರು.

ಕಾಶಪ್ಪನಿಗೇ ಯಾಕೆ ಎಂದರೆ ಅವನ ಮನೆ ಚಾವಡಿಯ ಎದುರಿಗಿತ್ತು, ಅಷ್ಟೆ. ಆದರೆ ಕಾಶಪ್ಪ ಅದನ್ನು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ದಿನಾ ಸಂಜೆ ಪಟಗಾ ಸುತ್ತಿ, ತನ್ನ ಮದುವೆಯಲ್ಲಿ ಹೊಲಿಸಿದ ಕರಿ ಕೋಟಿನೊಳಗೆ ಹೊಟ್ಟೆ ತುರುಕಿಕೊಂಡು, ರಸ್ತೆ ದಾಟಿ ಬಂದು, ನೆರೆದ ಜನರ ಮೇಲೊಮ್ಮೆ ಕಣ್ಣಾಡಿಸಿ ಬೀಗ ತೆಗೆಯುತ್ತಿದ್ದ. ರೇಡಿಯೋದವರು ಮಾತಾಡುವಷ್ಟು ಹೊತ್ತೂ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹೌದು ಹೌದೆಂದು ತಲೆಯಾಡಿಸುತ್ತಿದ್ದ. ನೋಡಿದವರಿಗೆ ಇವನು ಬರೆದುಕೊಟ್ಟದ್ದನ್ನೇ ಅವರು ಓದುತ್ತಿದ್ದಾರೆ ಅನ್ನಿಸಬೇಕು, ಹಾಗೆ. ಜೋಳಕ್ಕೆ ಕಾಡಿಗೆ ರೋಗ ಬಂದರೆ ಏನು ಮಾಡಬೇಕೆಂದು ಧಾರವಾಡದವರು ಹೇಳಿದರೆ, "ನಾ ಮೊದಲ ಹೇಳಿದ್ನೆಲ್ಲೋ" ಎಂದು ಮುಂದೆ ಕೂತವರ ಕಡೆ ಹುಬ್ಬು ಹಾರಿಸುತ್ತಿದ್ದ.

ಇಷ್ಟೆಲ್ಲ ಇದ್ದರೂ ಕಾಶಪ್ಪನಿಗೆ ಒಳಗೊಳಗೇ ಒಂದು ಕೊರಗಿತ್ತು. ಅವರಪ್ಪ ಊರ ಬಾವಿಗೆ ಮೆಟ್ಟಿಲು ಕಟ್ಟಿಸಿ ಮೇಲಿನ ಕಲ್ಲಿಗೆ ತನ್ನ ಹೆಸರು ಕೆತ್ತಿಸಿ ಸತ್ತಿದ್ದ. ನೀರಿಗೆ ಬಂದವರೆಲ್ಲ ಆ ಹೆಸರಿನ ಮೇಲೇ ಕೊಡ ಇಡುತ್ತಿದ್ದರು, ಆದರೂ ಹೆಸರು ಹೆಸರೇ. ಕಾಶಪ್ಪನ ಹೆಸರು ಇದ್ದದ್ದು ಪಂಚಾಯತಿಯ ಪಟ್ಟಿಯಲ್ಲಿ ಆರನೆಯದಾಗಿ, ಅದೂ ಕಾರಕೂನನ ಕೈಯಲ್ಲಿ ಕಾಸಪ್ಪನಾಗಿ. ಐವತ್ತೆರಡು ವರ್ಷ ಬದುಕಿ ಇಷ್ಟೇ ಗಳಿಸಿದೆನಲ್ಲ ಎಂದು ಅವನಿಗೆ ಖರೇನೇ ಬೇಸರವಿತ್ತು.

ಇನ್ನು ಮನೆಯಲ್ಲಿ ಹೆಂಡತಿ ಸಂಗವ್ವ. ಸುತ್ತ ಹತ್ತು ಹಳ್ಳಿಯಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಎತ್ತಿಕೊಡಲಿಕ್ಕೆ ಆಕೆಯೇ ಬೇಕು. ದನಿ ಕಂಚು. ಅದಕ್ಕಿಂತ ದೊಡ್ಡದು ಹೆಸರು ಎತ್ತುವ ಕಲೆ. ಈ ಸೀಮೆಯಲ್ಲಿ ಹಾಡುವವರ ಮುಂದೆ ಕುಪ್ಪಸದ ಖಣವೋ ತೆಂಗಿನಕಾಯಿಯೋ ಇಟ್ಟರೆ ಅದು ಆಯೇರಿ. ಆಯೇರಿ ಬಿದ್ದ ಮೇಲೆ ಹಾಡುವವರು ಮುಂದಿನ ನುಡಿಯಲ್ಲಿ ಇಟ್ಟವನ ಹೆಸರು ಸೇರಿಸಿ, ಅವನ ಮನೆತನವನ್ನು ನಾಲ್ಕು ಮಾತು ಹೊಗಳಲೇಬೇಕು. ಉಂಡವರು ಕೈ ತೊಳೆಯುವಷ್ಟೇ ಖಾತ್ರಿ ಅದು. ಸಂಗವ್ವ ಎಂಥ ಜುಗ್ಗನ ಹೆಸರನ್ನೂ ಹಾಡಿನೊಳಗೆ ಕೂಡಿಸಿ, ಅವನು ಮರುದಿನ ಕರ್ಣನಂತೆ ನಡೆಯುವ ಹಾಗೆ ಮಾಡುತ್ತಿದ್ದಳು.

ಒಬ್ಬನ ಹೆಸರು ಮಾತ್ರ ಆಕೆಯ ಹಾಡಿನಲ್ಲಿ ಬರುತ್ತಿರಲಿಲ್ಲ, ಅವನೇ ಕಾಶಪ್ಪ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಹೇಳಲೇಬೇಕಾಗಿ ಬಂದರೆ ಒಡಪು ಹಾಕಬೇಕು. ಎರಡು ಸಾಲು ಪ್ರಾಸ ಕಟ್ಟಿ, ನಡುವೆ ಹೆಸರನ್ನು ಬಚ್ಚಿಟ್ಟು, ನಾಚಿ ತಲೆ ತಗ್ಗಿಸಿ ಹೇಳಬೇಕು. ಮೂವತ್ತು ವರ್ಷದ ಸಂಸಾರದಲ್ಲಿ ಸಂಗವ್ವ ಒಡಪು ಹಾಕಿದ್ದು ಎರಡೇ ಸಲ, ತನ್ನ ಮದುವೆಯಲ್ಲೊಮ್ಮೆ, ಮಗಳು ಬನಶಂಕರಿಯ ಮದುವೆಯಲ್ಲೊಮ್ಮೆ. ಉಳಿದಂತೆ ಊರ ಹೆಸರೆಲ್ಲ ಹೆಂಡತಿಯ ಬಾಯಲ್ಲಿ ಮೆರೆಯುವಾಗ ಕಾಶಪ್ಪ ಚಪ್ಪರದ ಕಂಬಕ್ಕೆ ಒರಗಿ ಎಲೆ ಅಡಿಕೆ ಅಗಿಯಬೇಕಾಗಿತ್ತು.

ಹೀಗಿರಲು ಒಂದು ದಿನ ಟಪಾಲಿನ ಹುಲ್ಲಪ್ಪ ಧಾರವಾಡದಿಂದ ಬಂದ ಪತ್ರವೊಂದನ್ನು ತಂದುಕೊಟ್ಟ. ಮೇಲೆ "ಶ್ರೀಮತಿ ಸಂಗವ್ವನವರು, ತೊಂಡಿನಾಳ" ಎಂದು ಬರೆದಿತ್ತು. ಕಾಶಪ್ಪ ಹಿಂದೆ ಮುಂದೆ ತಿರುವಿ ನೋಡಿದ. ಗಂಡನ ಹೆಸರು ಎಲ್ಲೂ ಇಲ್ಲ. ಸಾಲಿಯ ಪ್ರಾಣೇಶ ಮಾಸ್ತರರು ಓದಿ ತಿಳಿಸಿದರು. ಹುನಗುಂದದ ಮದುವೆಯೊಂದರಲ್ಲಿ ಸಂಗವ್ವ ಹಾಡಿದ್ದನ್ನು ರೇಡಿಯೋದವರೊಬ್ಬರು ಕೇಳಿದ್ದರಂತೆ. ಇಂಥ ದಿನ ಸಂಜೆ ಏಳಕ್ಕೆ ಹಳ್ಳಿಗರ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಹಾಡಲು ಬರಬೇಕಂತೆ.

"ಹತ್ತು ನಿಮಿಷದೊಳಗ ನಮ್ಮಾಕಿ ದನಿ ತಗಿಯೂದೂ ಆಗೂದಿಲ್ಲ" ಎಂದ ಕಾಶಪ್ಪ. ಅಂದವನಿಗೆ ಮರುಕ್ಷಣವೇ ಮಿಂಚು ಹೊಡೆದಂತೆ ಒಂದು ವಿಚಾರ ಹೊಳೆಯಿತು. ಹೊಳೆದದ್ದೇ ಗಾಬರಿಯಾಗಿ ಕುಳಿತುಬಿಟ್ಟ. ಬಾವಿಯ ಕಲ್ಲು ಯಾವ ಲೆಕ್ಕ? ರೇಡಿಯೋದಲ್ಲಿ ಹೆಸರು ಬಂದರೆ ಬಾಗಲಕೋಟೆ, ಬಾದಾಮಿ, ಬಿಜಾಪುರ, ಅತ್ತ ಕಾರವಾರದ ಮೀನಿನವರೂ ಕೇಳುತ್ತಾರೆ!

ಅಂದೇ ಮಧ್ಯಾಹ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡ. "ಹೋಗಿ ಬಾ. ನಂದೇನೂ ಅಡ್ಡಿ ಇಲ್ಲ. ಆದ್ರ ಹಾಡು ಮುಗಿಯೂ ಹೊತ್ತಿಗೆ ಒಂದ ಒಡಪ ಹಾಕಿ ನನ್ನ ಹೆಸರ ಹೇಳಬೇಕು."

"ರೇಡಿಯೋದಾಗೇನ್ರಿ?" ಸಂಗವ್ವ ಬಾಯಿಗೆ ಸೆರಗು ಹಿಡಿದಳು.

"ಮತ್ತ? ಒಡಪ ನಾನ ಕಟ್ಟೇನಿ, ಕೇಳು." ಕಾಶಪ್ಪ ಗಂಟಲು ಸರಿಮಾಡಿಕೊಂಡ. "ಇಳಕಲ್ಲ ಸೀರಿಗಿ ಟೋಪತೆನಿ ಸೆರಗ, ಕಾಶಪ್ಪನವರ ಕೀರ್ತಿ ಊರಿನ ಹೊರಗ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವನ ವಿಧವೆ ಅಕ್ಕ ಸಿದ್ದಲಿಂಗವ್ವ ತಲೆ ಎತ್ತದೆಯೇ ಹೇಳಿದಳು. "ಊರ ಹೊರಗ ಇರೂದು ಸುಡುಗಾಡು. ಕೀರ್ತಿ ಅಲ್ಲ್ಯಾಕ ಒಯ್ದಿಯೋ?"

ಕಾಶಪ್ಪನಿಗೆ ಸಿಟ್ಟು ಬಂದರೂ ಅಕ್ಕನ ಮಾತಿನಲ್ಲಿ ಹುರುಳಿತ್ತು. ಮೂರು ದಿನ ಎತ್ತು ಹೂಡುವಾಗ, ಉಣ್ಣುವಾಗ, ಚೊಂಬು ಹಿಡಿದು ಹೊಲಕ್ಕೆ ಹೋದಾಗಲೂ ತುಟಿ ಅಲುಗಾಡಿಸಿ, ಕೊನೆಗೆ ತಿದ್ದಿ ತಂದ. "ಇಳಕಲ್ಲ ಸೀರಿಗಿ ಟೋಪತೆನಿ ಸೆರಗ, ಕಾಶಪ್ಪನವರ ದೌಲತ್ತ ಕಂಡು ಮುಂಬಯಿ ಬೆರಗ." ಸಂಗವ್ವನಿಗೆ ಹತ್ತು ಸಲ ಹೇಳಿಸಿ ಬಾಯಿಪಾಠ ಮಾಡಿಸಿದ. ಹೆಸರಿನ ಜಾಗದಲ್ಲಿ ಆಕೆ "ಅವರ" ಎಂದಷ್ಟೇ ಅಂದು ನಕ್ಕುಬಿಡುತ್ತಿದ್ದಳು. "ಅಲ್ಲಿ ಹೋಗಿ ಹಿಂಗ ನಕ್ಕೀ ಮತ್ತ" ಎಂದು ಇವನು ಗದರಿಸಿದ್ದಕ್ಕೆ "ಇಲ್ಲ ಬಿಡ್ರಿ, ಹೇಳ್ತೇನಿ" ಎಂದು ಮಾತು ಕೊಟ್ಟಳು.

ಹೆಂಡತಿಯ ಸಂಗಡ ಕಾಶಪ್ಪ ಹೋಗಲಿಲ್ಲ. ಹೋದರೆ ಬೀಗದ ಕೈ ಇನ್ನೊಬ್ಬನಿಗೆ ಕೊಡಬೇಕಲ್ಲ, ಅದು ಜೀವ ಹೋದರೂ ಆಗದ ಮಾತು. ಸಿದ್ದಲಿಂಗವ್ವನನ್ನು ಜೊತೆಗೆ ಮಾಡಿ, ಬಾಗಲಕೋಟೆಯಲ್ಲಿ ಸಂಗವ್ವನ ಅಣ್ಣ ರೈಲು ಹತ್ತಿಸಿ ಧಾರವಾಡದ ತನಕ ಕರೆದೊಯ್ಯುವಂತೆ ಗೊತ್ತುಪಡಿಸಿದ. ಹೊರಡುವಾಗ ಬಸ್ಸಿನ ಕಿಟಕಿಗೆ ಬಾಯಿ ಇಟ್ಟು "ಒಡಪ ನೆನಪೈತೆಲ್ಲ?" ಎಂದ. ಬಸ್ಸಿನವರೆಲ್ಲ ಒಡಪು ಕೇಳಲು ತಿರುಗಿದ್ದರಿಂದ ಸಂಗವ್ವ ಮುಖ ಮುಚ್ಚಿಕೊಂಡಳು.

ಹಾಡುವ ದಿನ ಬಂತು. ತೊಂಡಿನಾಳದಲ್ಲಿ ಆ ಸಂಜೆ ಮನೆಯಲ್ಲಿ ಉಳಿದದ್ದು ದನಗಳು ಮಾತ್ರ. ಹೆಂಗಸರು ಚಾವಡಿಯ ಮುಂದೆ ನೀರು ಹೊಡೆದು ರಂಗೋಲಿ ಹಾಕಿದರು. ಯಾರೋ ಪೆಟ್ಟಿಗೆಗೆ ಚೆಂಡುಹೂವಿನ ಸರ ಕಟ್ಟಿದರು. ಒಬ್ಬ ಮುದುಕಿ ಹಾಡುವವಳ ಗಂಟಲು ಒಣಗೀತೆಂದು ಪೆಟ್ಟಿಗೆಯ ಬಾಯಿಯ ಹತ್ತಿರ ಬೆಲ್ಲದ ಚೂರು ಇಟ್ಟು, "ನೆನಪ ಮಾಡಿ ಬಾಯಾಗ ಹಾಕ್ಕೋ ಎವ್ವಾ" ಎಂದು ಅದಕ್ಕೆ ಹೇಳಿಯೂ ಹೇಳಿದಳು.

ಏಳು ಗಂಟೆಗೆ ದನಿ ಬಂತು. "ಇದು ಆಲ್ ಇಂಡಿಯಾ ರೇಡಿಯೋ, ಧಾರವಾಡ. ಈಗ ತೊಂಡಿನಾಳದ ಶ್ರೀಮತಿ ಸಂಗವ್ವನವರು ಸೋಬಾನೆಯ ಪದಗಳನ್ನು ಹಾಡುತ್ತಾರೆ."

ತುಸು ಹೊತ್ತು ಏನೂ ಕೇಳಲಿಲ್ಲ. ಜನ ಪೆಟ್ಟಿಗೆಯ ಕಡೆ ಕತ್ತು ಚಾಚಿದರು. ಆಮೇಲೆ ಸಂಗವ್ವನ ದನಿ ಬಂತು. ಮೊದಲು ಸ್ವಲ್ಪ ನಡುಗಿತು, ಮೂರನೇ ಸಾಲಿಗೆ ನೆಟ್ಟಗಾಯಿತು, ಅಲ್ಲಿಂದ ಮುಂದೆ ಚಪ್ಪರದಲ್ಲಿ ಹೇಗೋ ಹಾಗೆಯೇ ಹರಿಯಿತು. ಊರಿನವರ ಕಣ್ಣಲ್ಲಿ ನೀರು ಬಂತು. ತಮ್ಮ ಊರಿನ ದನಿ ರೈಲು ಹತ್ತಿ ಹೋಗಿ, ತಂತಿ ಇಲ್ಲದೆ ಬಂಡಿ ಇಲ್ಲದೆ ಮರಳಿ ಬಂದಿತ್ತು.

ಎರಡನೇ ಪದಕ್ಕೆ ಅಮಾತೆಪ್ಪ ಎದ್ದು ನಿಂತ. ಇವನೂ ಪಂಚ, ಪಟ್ಟಿಯಲ್ಲಿ ಐದನೆಯವನು, ಹೀಗಾಗಿ ಕಾಶಪ್ಪನ ಕಣ್ಣಿಗೆ ಬಿದ್ದ ಕಸ. ಸೊಂಟದಿಂದ ಒಂದು ಗುಳೇದಗುಡ್ಡದ ಖಣ ತೆಗೆದು, ಅದರ ಮೇಲೆ ತೆಂಗಿನಕಾಯಿ ಇಟ್ಟು, ಪೆಟ್ಟಿಗೆಯ ಬಾಯಿಗೇ ಮುಖ ಕೊಟ್ಟು ಕೂಗಿದ. "ಶಾಭಾಸ್! ಅಮಾತೆಪ್ಪಂದೊಂದು ಆಯೇರಿ!"

"ಅಲ್ಲೋ ಮಾರಾಯ," ಪ್ರಾಣೇಶ ಮಾಸ್ತರರು ಹಣೆ ಒತ್ತಿಕೊಂಡರು. "ಆಕಿ ಮಾತು ನಮಗ ಕೇಳಸ್ತದ. ನಮ್ಮ ಮಾತು ಆಕಿಗೆ ಕೇಳಸೂದಿಲ್ಲ. ಇದು ಒಂದ ಕಡಿಂದ ಬರೂದು."

"ಸರ್ಕಾರದ್ದು ಒಂದ ಕಡಿಂದ ಬರೂದು ನನಗೂ ಗೊತ್ತೈತ್ರಿ," ಎಂದ ಅಮಾತೆಪ್ಪ. "ಸೇತುವಿ ಅರ್ಜಿ ಕೊಟ್ಟು ಎಷ್ಟು ವರ್ಷ ಆತು? ಆದ್ರ ಒಳಗ ಕುಂತಾಕಿ ಸರ್ಕಾರ ಅಲ್ರಿ, ನಮ್ಮ ಕಾಶಪ್ಪಣ್ಣನ ಮನ್ಯಾಕಿ, ಬನಶಂಕರಿ ಅವ್ವ. ಆಯೇರಿ ಬಿದ್ದದ್ದು ಆಕಿಗೆ ಗೊತ್ತಾಗದ ಇರತೈತೇನು?"

ಊರಿಗೆ ಈ ಮಾತು ಸರಿ ಅನ್ನಿಸಿತು. ಒಬ್ಬರ ಹಿಂದೆ ಒಬ್ಬರು ಎದ್ದರು. ಖಣ, ಕಾಯಿ, ಟವೆಲು, ಒಂದು ಸೇರು ಕಡಲೆ, ಹರಕೆಗೆಂದು ಇಟ್ಟ ಬೆಳ್ಳಿ ಬಿಲ್ಲೆ. ಪೆಟ್ಟಿಗೆಯ ಕೆಳಗೆ ಗುಡ್ಡೆ ಬಿತ್ತು. ಹೆಸರು ಕೂಗಿದವರು ಕೂಗಿದ್ದೇ ಕೂಗಿದ್ದು. ಹಾಡು ಕೇಳಿಸಬೇಕೆಂದರೆ ಇಬ್ಬರ ಕೂಗಿನ ನಡುವೆ ಕಿವಿ ತೂರಿಸಬೇಕಾಗಿತ್ತು.

ಕಾಶಪ್ಪ ತಡೆಯಬಹುದಿತ್ತು. ಪೆಟ್ಟಿಗೆ ಒಮ್ಮುಖದ್ದು ಎಂದು ಸಾಹೇಬರು ಅವನಿಗೆ ಬಿಡಿಸಿ ಹೇಳಿದ್ದರು. ಆದರೆ ಅವನು ಮೀಸೆಯೊಳಗೇ ನಗುತ್ತಾ "ಇಡ್ರಿ ಇಡ್ರಿ, ನಾಚಬ್ಯಾಡ್ರಿ" ಎಂದು ಹುರಿದುಂಬಿಸಿದ. ಊರೆಲ್ಲ ಆಯೇರಿ ಇಟ್ಟರೂ ಯಾರ ಹೆಸರೂ ಬರುವುದಿಲ್ಲ, ಕೊನೆಗೆ ಬರುವುದು ತನ್ನದೊಂದೇ. ಆಗ ಅಮಾತೆಪ್ಪನ ಮುಖ ನೋಡಬೇಕು! ಎಲ್ಲರದೂ ಆದ ಮೇಲೆ ಕಾಶಪ್ಪ ಇಳಕಲ್ಲಿನಿಂದ ಗುಟ್ಟಾಗಿ ತರಿಸಿದ್ದ ಗಿಡ್ಡ ಅಂಚಿನ ಕೆಂಪು ಸೀರೆಯನ್ನು ಬಿಚ್ಚಿ, ನಾಲ್ಕು ಜನಕ್ಕೆ ಹಲ್ಲು ಹಲ್ಲಾದ ಟೋಪತೆನಿ ಸೆರಗು ಕಾಣುವಂತೆ ಗುಡ್ಡೆಯ ಮೇಲೆ ಹರವಿ, ಕೈ ಕಟ್ಟಿ ನಿಂತ.

ಕೊನೆಯ ಪದ ಮುಗಿಯಿತು. ಕಾಶಪ್ಪ ಎದೆ ಉಬ್ಬಿಸಿದ. ಕೋಟಿನ ಗುಂಡಿಯೊಂದು ಹಾರಿ ಮಾಸ್ತರರ ಕಾಲಿಗೆ ಬಿತ್ತು. ಈಗ ಬಂತು, ಈಗ ಬಂತು.

"ಇದುವರೆಗೆ ಶ್ರೀಮತಿ ಸಂಗವ್ವನವರಿಂದ ಸೋಬಾನೆಯ ಪದಗಳನ್ನು ಕೇಳಿದಿರಿ. ಇನ್ನು ಮುಂದೆ ಪೇಟೆಯ ಧಾರಣೆಗಳು. ಹತ್ತಿ..."

ಹತ್ತಿಯ ಧಾರಣೆ ಯಾರೂ ಕೇಳಲಿಲ್ಲ. "ಬರೇ ಆಕಿ ಹೆಸರ ಹೇಳಿದ್ರಲ್ಲೋ, ಎರಡೆರಡು ಸಲ!" ಎಂದರು ಒಬ್ಬರು. "ಆಯೇರಿ ತಗೊಂಡು ಹೆಸರ ನುಂಗಿದ್ರು" ಎಂದರು ಇನ್ನೊಬ್ಬರು. ಅಮಾತೆಪ್ಪ ನಿಧಾನಕ್ಕೆ ಎದ್ದು, ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಕಾಶಪ್ಪಣ್ಣಾ, ಕಟ್ಟಿಕೊಂಡಾಕಿಗೇ ನಿನ್ನ ಹೆಸರ ನೆನಪ ಇಲ್ಲಲ್ಲೋ" ಎಂದ. ಇಡೀ ಚಾವಡಿ ನಕ್ಕಿತು. ಮಾಸ್ತರರೂ ಶಲ್ಯ ಅಡ್ಡ ಹಿಡಿದು ನಕ್ಕರು. ಕಾಶಪ್ಪ ಧಾರಣೆ ಹೇಳುತ್ತಿದ್ದವನ ಬಾಯಿಗೇ ಬಾಗಿಲು ಬಡಿದು, ಬೀಗ ಹಾಕಿ ಮನೆಗೆ ಹೋದ. ಮರುದಿನ ಸಂಜೆ ಪೆಟ್ಟಿಗೆ ತೆರೆಯಲಿಲ್ಲ, ಅದರ ಮರುದಿನವೂ ಇಲ್ಲ.

ಮೂರನೇ ದಿನ ಸಂಗವ್ವ ಬಸ್ಸಿಳಿದಳು. ಕೈಚೀಲದಲ್ಲಿ ಧಾರವಾಡದ ಪೇಢಾ, ಮುಖದಲ್ಲಿ ಜಾತ್ರೆ. ಇಳಿದದ್ದೇ ತಡ ಊರು ಮುತ್ತಿಕೊಂಡು ಆಯೇರಿಯ ಪಂಚನಾಮೆ ಓದಿತು. ಸಂಗವ್ವ ಕೇಳಿ ನಗಲಿಲ್ಲ. "ನನಗ ಗೊತ್ತಿದ್ದಿಲ್ಲ. ಆದ್ರೂ ಇಟ್ಟದ್ದು ಖರೆ ಅಂದ್ರ ಹೆಸರ ಎತ್ತೂದೂ ಖರೆ" ಎಂದಳು. ಮರುದಿನ ಮುಂಜಾನೆ ಚಾವಡಿಯ ಕಟ್ಟೆ ಹತ್ತಿ ನಿಂತು, ಯಾರೂ ಮುಟ್ಟದೆ ಬಿಟ್ಟಿದ್ದ ಗುಡ್ಡೆ ತೋರಿಸಿ ಯಾರು ಏನು ಇಟ್ಟರೆಂದು ಮಾಸ್ತರರು ಒಬ್ಬೊಬ್ಬರಂತೆ ಹೇಳುತ್ತಾ ಹೋದ ಹಾಗೆ ಹಾಡುತ್ತಾ ಹೋದಳು. ಕಡಲೆ ಇಟ್ಟವನ ಹೊಲ ಹಸಿರಾಯಿತು, ಟವೆಲು ಇಟ್ಟವನ ಮಗ್ಗ ಮಾತಾಡಿತು. ಬೆಲ್ಲದ ಮುದುಕಿಗೂ ಒಂದು ನುಡಿ ಸಿಕ್ಕಿತು. ಅಮಾತೆಪ್ಪನಿಗಂತೂ ಮುತ್ತಜ್ಜನ ತನಕ ಹೊಗಳಿಕೆ ಸಿಕ್ಕಿ, ಅವನು ಅಳುವುದೊಂದು ಬಾಕಿ. ಊರೆಲ್ಲ ತಣ್ಣಗಾಯಿತು.

ಕಾಶಪ್ಪ ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಕೊನೆಯತನಕ ಕಾದ. ಮಾಸ್ತರರು ಕೆಂಪು ಸೀರೆಯ ಕಡೆ ಕೈ ತೋರಿಸಿದರು. ಸಂಗವ್ವ ಅದನ್ನು ನೋಡಿದಳು, ಎದುರು ಹೊಸ್ತಿಲನ್ನೂ ನೋಡಿದಳು, ಕಟ್ಟೆ ಇಳಿದು ಮನೆಯೊಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು.

ಕಾಶಪ್ಪ ಹೊಸ್ತಿಲಿಂದ ಸರಕ್ಕನೆ ತಿರುಗಿದ. ಹಿಂದೆಯೇ ಅಡಿಗೆಮನೆಗೆ ಹೋದ. "ಊರ ಮಂದಿ ಹೆಸರ ಎಲ್ಲಾ ಹೇಳಿದಿ. ನಂದು? ಒಡಪ ಕಲಿಸಿ ಕಳಿಸಿದ್ನೆಲ್ಲ, ಏನ ಮಾಡಿದಿ ಅದನ್ನ? ಗದಗಿನ ಟೇಶನ್ನಿನಾಗ ಒಗದ ಬಂದ್ಯಾ?"

ಸಂಗವ್ವ ಹಿಟ್ಟಿನ ಕೈ ತಡೆದಳು. "ಖರೆ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹೇಳಬೇಕಂತನ ಹೋಗಿದ್ನಿ. ಅಲ್ಲಿ ಒಂದು ಖೋಲಿ ಐತ್ರಿ, ಗ್ವಾಡಿಗೆಲ್ಲ ಅರಿವಿ ಬಡದಾರ. ನನ್ನ ಕುಂಡ್ರಿಸಿ, ಒಬ್ಬ ಸಣ್ಣ ವಯಸ್ಸಿನಾವ ಕಾಗದ ನೋಡಿ 'ಸಂಗವ್ವನವರು' ಅಂದ. ಯಾರೋ ದೊಡ್ಡಾಕಿ ಬಂದಾಳಂತ ನಾ ಹಿಂದ ಹೊಳ್ಳಿ ನೋಡಿದ್ನಿ. ಹಿಂದ ಯಾರೂ ಇದ್ದಿಲ್ಲ."

ಕಾಶಪ್ಪ ಏನೋ ಅನ್ನಲು ಬಾಯಿ ತೆರೆದ. ಆಕೆ ಬಿಡಲಿಲ್ಲ.

"ನಮ್ಮವ್ವ ಸತ್ತಮ್ಯಾಲ ನನ್ನ ಹೆಸರ ಯಾರೂ ಹಿಡದಿಲ್ರಿ. ಅತ್ತೆವ್ವಗ ಸೊಸಿ ಆದ್ನಿ, ನಿಮ್ಮಕ್ಕಗ ತಮ್ಮನ ಹೇಣತಿ ಆದ್ನಿ, ಊರಿಗೆಲ್ಲ ಬನಶಂಕರಿ ಅವ್ವ ಆದ್ನಿ. ನೀವು ಏ ಅಂತೀರಿ. ಕೊಟ್ಟಿಗ್ಯಾಗಿನ ಎತ್ತಿಗೆ ಹೊನ್ನ್ಯಾ ಅಂತ ಹೆಸರ ಹಿಡದು ಕರೀತೀರಿ, ಅದು ಕಿವಿ ನಿಮಿರಸ್ತೈತಿ. ಆ ಹುಡುಗ ನನ್ನ ಹೆಸರ ಅಂದಕೂಡಲೆ ನನಗ ಏನಾತೋ, ಹಾಡೂದೊಂದು ನೆನಪ ಉಳೀತು, ಉಳದದ್ದೆಲ್ಲ ಮರತ ಹೋತ್ರಿ. ನಿಮ್ಮ ಒಡಪಾನೂ ಹೋತು."

"ಗಂಡ ಆದಾವ ಹೇಣತಿ ಹೆಸರ ಹಿಡದು ಕರಿಯೂದು ಎಲ್ಲೈತಿ? ಮಂದಿ ನಗ್ತಾರ."

"ಮಂದಿ ನಗ್ತಾರಂತ ಇಲ್ಲೇ ಅಂಜಿದ್ರ ಮುಂಬಯಿ ಬೆರಗಾಗೂದು ಹೆಂಗ್ರಿ?" ಎಂದು ಸಂಗವ್ವ ರೊಟ್ಟಿ ಬಡಿಯತೊಡಗಿದಳು. "ಆಯೇರಿ ಇಟ್ಟೀರಿ, ನಿಮ್ಮ ಹೆಸರ ಬಾಕಿ ಐತಿ, ಒಪ್ತೇನಿ. ಮೊದಲ ನೀವು ನಂದು ಹೇಳ್ರಿ."

ಗಂಡ ಹೆಂಡತಿಯ ಹೆಸರು ಹಿಡಿದು ಕರೆದರೆ ಏನಾಗುತ್ತದೆ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ತೊಂಡಿನಾಳದಲ್ಲಿ ಯಾರೂ ಕರೆದು ನೋಡಿರಲಿಲ್ಲ, ಹೀಗಾಗಿ ಅಪಾಯ ಎಷ್ಟೆಂಬ ಅಂದಾಜೂ ಇರಲಿಲ್ಲ. ಕಾಶಪ್ಪ ಹಟ ಹಿಡಿದ. ಅಂದಿನಿಂದ ಅವನು "ಏ, ನೀರು" ಎಂದರೆ ಒಳಗಿನಿಂದ ಉತ್ತರವಿಲ್ಲ. ಕೆಮ್ಮಿದ, ಚೊಂಬು ಕುಕ್ಕಿದ, ಕದ ಬಡಿದ. ನೀರು ಬರುತ್ತಿತ್ತು, ಊಟ ಬರುತ್ತಿತ್ತು, ಪಲ್ಯಕ್ಕೆ ಉಪ್ಪು ಖಾರವೂ ಸರಿಯಾಗಿಯೇ ಇರುತ್ತಿತ್ತು. ಬಾಯಿಂದ ಒಂದು ಹೂಂ ಕೂಡ ಬರುತ್ತಿರಲಿಲ್ಲ. "ಏ ಬನಶಂಕರಿ ಅವ್ವಾ" ಎಂದು ಕೂಗಿ ನೋಡಿದ. ಅದಕ್ಕೆ ಮಾತ್ರ ಉತ್ತರ ಸಿಕ್ಕಿತು. "ಬನಶಂಕರಿ ಬಾದಾಮ್ಯಾಗ ಗಂಡನ ಮನ್ಯಾಗ ಅದಾಳ. ಅಲ್ಲೇ ಹೋಗಿ ಕರೀರಿ."

ಅತ್ತ ಚಾವಡಿಯಲ್ಲೂ ಮೌನ. ಪೆಟ್ಟಿಗೆಗೆ ಬೀಗ ಬಿದ್ದು ವಾರವಾಗುತ್ತ ಬಂದಿತ್ತು. ಭಜನೆ ಇಲ್ಲ, ಸುದ್ದಿ ಇಲ್ಲ. ಹತ್ತಿಯ ಧಾರಣೆ ತಿಳಿಯದೆ ಒಬ್ಬಿಬ್ಬರು ಇಳಕಲ್ಲಿನ ಪೇಟೆಯಲ್ಲಿ ಬಾಯಿಗೆ ಬಂದ ದರಕ್ಕೆ ಮಾರಿ ಬಂದಿದ್ದರು. "ಗಂಡ ಹೇಣತಿ ಜಗಳದಾಗ ಸರ್ಕಾರ ಯಾಕ ಉಪವಾಸ ಬೀಳಬೇಕು?" ಎಂದು ಜನ ಗೊಣಗಿದರು. ಅಕ್ಕ ಸಿದ್ದಲಿಂಗವ್ವ ತಮ್ಮನ ಎದುರಿಗೇ ಹೇಳಿದಳು. "ಕರದ್ರ ನಿನ್ನ ನಾಲಿಗಿ ಉದರಿ ಬೀಳೂದಿಲ್ಲ. ಬಿದ್ರೂ ಊರಿಗೇನ ಲುಕ್ಸಾನಿಲ್ಲ."

ಹಟ ಹಿಡಿದ ಐದನೇ ದಿನ ಮಧ್ಯಾಹ್ನ ಕಾಶಪ್ಪ ಪಡಸಾಲೆಯಲ್ಲಿ ಹೊರಳಾಡುತ್ತಿದ್ದಾಗ ಅಂಗಳದಿಂದ ಕೂಗು ಬಂತು. "ಶ್ರೀಮತಿ ಸಂಗವ್ವನವರ‍್ರೀ! ಟಪಾಲು!"

ಒಳಗೆ ಪಾತ್ರೆ ಕೆಳಗಿಟ್ಟ ಸದ್ದು. ಸಂಗವ್ವ ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ ಗಂಡನನ್ನು ದಾಟಿ ಅಂಗಳಕ್ಕೆ ಓಡಿದಳು. ಓಡಿದಳು ಎಂದರೆ ಓಡಿದಳೇ, ನಲವತ್ತೈದರ ಹೆಂಗಸು. ಹುಲ್ಲಪ್ಪನಿಗೆ ಮುಂದಿನ ಎರಡು ಹಲ್ಲಿಲ್ಲ, ಖಾಕಿ ಅಂಗಿಯ ಬಗಲು ಹರಿದಿತ್ತು, ಕಾಲಿನ ತುಂಬ ಧೂಳು. ಅಂಥವನ ಎದುರು ಸಂಗವ್ವ ಪತ್ರಕ್ಕೆ ಕೈ ಚಾಚಿ ನಕ್ಕಳು. ಆ ನಗು ಕಾಶಪ್ಪನಿಗೆ ಗುರುತಿತ್ತು. ಲಗ್ನವಾದ ಹೊಸತರಲ್ಲಿ, ಬನಶಂಕರಿ ಹುಟ್ಟುವ ಮೊದಲು ಯಾವಾಗಲೋ ನೋಡಿದ್ದ. ಅದು ಸತ್ತುಹೋಗಿದೆ ಎಂದು ತಿಳಿದಿದ್ದ. ಅಥವಾ ಅದರ ಬಗ್ಗೆ ಏನನ್ನೂ ತಿಳಿದಿರಲಿಲ್ಲ.

ಅವನಿಗೆ ಮೊದಲು ಹುಲ್ಲಪ್ಪನ ಮೇಲೆ ಹೊಟ್ಟೆಕಿಚ್ಚು ಬಂತು. ಆಮೇಲೆ ನಾಚಿಕೆಯಾಯಿತು. ಎರಡು ಆಣೆಯ ಚೀಟಿ ಅಂಟಿಸಿದ ಲಕೋಟೆ ಹಿಡಿದು ಬಂದವನು ಕರೆದ ಮಾತ್ರಕ್ಕೆ ಬರುವ ನಗು ಇದು, ತಾನು ಮೂವತ್ತು ವರ್ಷ ಅನ್ನ ಹಾಕಿಯೂ ಕಾಣಲಿಲ್ಲ. ಅನ್ನ ಹಾಕಿದ್ದಾದರೂ ಯಾರು? ಬೇಯಿಸಿ ಬಡಿಸಿದವಳು ಅವಳೇ. ಪತ್ರದಲ್ಲಿ ಏನಿದೆ ಎಂದು ಕೇಳುವುದನ್ನೂ ಬಿಟ್ಟು ಕಾಶಪ್ಪ ಎದ್ದು ಕೊಟ್ಟಿಗೆಗೆ ಹೋದ. ಮಾಸ್ತರರು ಓದಿ ಹೇಳಿದ ಮೇಲೆ ಊರಿಗೆ ತಿಳಿಯಿತು. ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಹಾಡಲು ಕರೆದಿದ್ದರು.

ಅಂದು ಸಂಜೆ ಊರವರು ಅಮಾತೆಪ್ಪನನ್ನು ಮುಂದೆ ಮಾಡಿಕೊಂಡು ಚಾವಡಿಗೆ ಬಂದರು. ಬೀಗ ತೆಗೆಯದಿದ್ದರೆ ಹುನಗುಂದದ ಕಚೇರಿಗೆ ಅರ್ಜಿ ಕೊಡುವುದೆಂದು ತೀರ್ಮಾನವಾಗಿತ್ತು. ಕಾಶಪ್ಪ ಆಗಲೇ ಕಟ್ಟೆಯ ಮೇಲೆ ಕುಳಿತಿದ್ದ. ಪಟಗಾ ಇಲ್ಲ, ಕೋಟಿಲ್ಲ.

"ಕಾಶಪ್ಪಣ್ಣಾ, ಇವತ್ತ ಎರಡರಾಗ ಒಂದು..." ಎಂದು ಅಮಾತೆಪ್ಪ ಶುರುಮಾಡಿದ.

"ಸುಮ್ಮ ಕುಂಡ್ರಲೇ ಒಂದೀಟು," ಎಂದು ಕಾಶಪ್ಪ ಎದ್ದು ನಿಂತ. ಎದುರಿಗಿದ್ದ ತನ್ನ ಮನೆಯ ಬಾಗಿಲ ಕಡೆ ತಿರುಗಿದ. ಬಾಯಿ ತೆರೆದ, "ಸಂ" ಎಂದ, ಕೆಮ್ಮಿದ. ಚಳಿಯಲ್ಲಿ ಬಸ್ಸಿನ ಇಂಜಿನ್ನು ಹ್ಯಾಂಡಲ್ ತಿರುವಿದಾಗ ಒಂದೇ ಸಲಕ್ಕೆ ಹಿಡಿಯುವುದಿಲ್ಲವಲ್ಲ, ಹಾಗಾಯಿತು. ಅಮಾತೆಪ್ಪ ನಗಲಿಕ್ಕೆ ಹಲ್ಲು ಸಜ್ಜು ಮಾಡಿಕೊಂಡ. ಕಾಶಪ್ಪ ಕಣ್ಣು ಮುಚ್ಚಿದ.

"ಸಂಗವ್ವಾ!"

ಅಷ್ಟು ಜೋರಾಗಿ ಬಂದೀತೆಂದು ಅವನೂ ತಿಳಿದಿರಲಿಲ್ಲ. ಚಾವಡಿಯ ಮಾಡಿನಿಂದ ಪಾರಿವಾಳಗಳು ಎದ್ದವು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಗಬೇಕೆಂದಿದ್ದ ಗಂಡಸರು ಯಾಕೋ ನಗದೆ, ತಮ್ಮ ತಮ್ಮ ಹೆಂಡಂದಿರು ಎಲ್ಲಿ ನಿಂತಿದ್ದಾರೆಂದು ಕಳ್ಳಗಣ್ಣಿನಿಂದ ನೋಡಿಕೊಂಡರು. ಮನೆಯೊಳಗೆ ಬೀಸುವ ಕಲ್ಲು ನಿಂತಿತು.

"ಓ..." ಎಂದಳು ಸಂಗವ್ವ ಒಳಗಿನಿಂದ.

ಹೊಸ್ತಿಲಿಗೆ ಬಂದಳು. ಮೊಣಕೈತನಕ ಹಿಟ್ಟು, ಹಣೆಯ ಮೇಲೂ ಒಂದು ಗೀರು. ಹುಲ್ಲಪ್ಪನ ಎದುರು ನಕ್ಕದ್ದು ಏನೂ ಅಲ್ಲ ಅನ್ನಿಸುವ ಹಾಗೆ ಮುಖ ಅರಳಿಸಿಕೊಂಡು, ಇಡೀ ಊರಿನ ಎದುರು ಗಂಡನನ್ನು ನೇರ ನೋಡಿ ಕೇಳಿದಳು. "ಯಾಕ ಕರದ್ರಿ?"

ಯಾಕೆ ಕರೆದನೆಂದು ಊರಿಗೆಲ್ಲ ಗೊತ್ತಿತ್ತು. ಈಗ ಇವನು ತನ್ನ ಹೆಸರು ಹೇಳೆನ್ನಬೇಕು, ಅವಳು ಒಡಪು ಹಾಕಬೇಕು, ಲೆಕ್ಕ ಚುಕ್ತಾ ಆಗಬೇಕು. ಎಲ್ಲರೂ ಕಿವಿ ನಿಮಿರಿಸಿ ಕಾದರು. ಕಾಶಪ್ಪ ಆ ಮುಖವನ್ನು ನೋಡುತ್ತಾ ನಿಂತೇ ಇದ್ದ. ತನಗೊಂದು ಹೆಸರಿದೆ, ಅದು ಬಾಕಿ ಇದೆ ಎಂಬುದು ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ.

"ಏನಿಲ್ಲ," ಎಂದ. "ಸುಮ್ಮನ ಕರದ್ನಿ."

"ಹಂಗಾದ್ರ ಇನ್ನೊಮ್ಮೆ ಕರೀರಿ," ಎಂದಳು ಸಂಗವ್ವ.